ಹಳೇ ಟ್ಯಾಬ್‌ಗೆ ಬೀಗ ಬಿದ್ದಿದೆ, ಪಾಸ್‌ವರ್ಡ್ ಮರೆತಿದೆ: ರೀಸೆಟ್ ಒತ್ತೋ ಮುಂಚೆ ಇದನ್ನ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಸ್ವಲ್ಪ ಮನೆ ವಿಷಯದಿಂದ ಶುರುವಾಗುತ್ತೆ, ಬೇಜಾರು ಮಾಡ್ಕೋಬೇಡಿ. ಬಹುಶಃ ನಿಮ್ಮ ಮನೆಯಲ್ಲೂ ಇಂಥದ್ದೊಂದು ಟ್ಯಾಬ್ ಇರುತ್ತೆ. ಕಪಾಟಿನಲ್ಲಿ, ಹಳೇ ಚಾರ್ಜರ್‌ಗಳ ಜೊತೆ, ಪ್ಲಾಸ್ಟಿಕ್ ಕವರಿನೊಳಗೆ.

ಹೋದ ಡಿಸೆಂಬರ್‌ನಲ್ಲಿ ನಿಟ್ಟೂರಿಗೆ ಹೋಗಿದ್ದೆ. ಹೊಸನಗರ ತಾಲ್ಲೂಕಿನ ನಿಟ್ಟೂರು, ಕೊಡಚಾದ್ರಿಗೆ ಹೋಗೋರು ಜೀಪು ಹತ್ತುವ ಕಡೆ. ಅಲ್ಲಿ ನನ್ನ ಸೋದರಮಾವನ ಮನೆ. ಮಾವನಿಗೆ ತಾಳಮದ್ದಲೆ ಅಂದ್ರೆ ಪ್ರಾಣ. ದೊಡ್ಡ ಕಲಾವಿದರೇನಲ್ಲ, ಊರಿನ ನಾಲ್ಕು ಮನೆಯ ಜಗಲಿಯಲ್ಲಿ ಅರ್ಥ ಹೇಳ್ತಿದ್ದ ಮನುಷ್ಯ. ಮಳೆಗಾಲದಲ್ಲಿ ಗದ್ದೆ ಕೆಲಸ ಮುಗಿದ ಮೇಲೆ ಕೂತ್ಕೊಂಡು ತಾವು ಹೇಳೋದನ್ನ ತಾವೇ ಟ್ಯಾಬ್‌ನಲ್ಲಿ ರೆಕಾರ್ಡ್ ಮಾಡಿ, ಮತ್ತೆ ಕೇಳಿ ತಿದ್ದಿಕೊಳ್ಳೋ ಅಭ್ಯಾಸ ಇತ್ತು. ಒಂದು ವರ್ಷ ಹತ್ತು ತಿಂಗಳ ಹಿಂದೆ ಅವರಿಗೆ ಪಾರ್ಶ್ವವಾಯು ಆಯ್ತು. ಬಲಗೈ ಹೋಯ್ತು, ಮಾತೂ ಹೋಯ್ತು. ಅರ್ಥ ಆಗುತ್ತೆ, ತಲೆ ಆಡಿಸ್ತಾರೆ, ನಗ್ತಾರೆ. ಮಾತು ಮಾತ್ರ ಇಲ್ಲ.

ಅತ್ತೆ ಆ ಟ್ಯಾಬ್ ತಂದು ನನ್ನ ಕೈಗಿಟ್ಟು, "ಇದ್ರಲ್ಲಿ ಇವ್ರ ಸ್ವರ ಇದೆ ಮಾರಾಯ, ಒಂದ್ಸಲ ಕೇಳೂ ಹಾಗೆ ಮಾಡಿ ಕೊಡು" ಅಂದ್ರು. ಆನ್ ಮಾಡಿದ್ರೆ ಪ್ಯಾಟರ್ನ್ ಕೇಳ್ತು. ಅದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಜಿಮೇಲ್ ವಿಳಾಸ ಯಾವುದು ಅಂತಾನೂ ಗೊತ್ತಿಲ್ಲ. ಮಾವನ ಮಗ ಅಷ್ಟರಲ್ಲೇ ಪೇಟೆಯ ಒಂದು ಮೊಬೈಲ್ ಅಂಗಡಿಗೆ ಹೋಗಿ ವಿಚಾರಿಸಿ ಬಂದಿದ್ದ. "ಕೊಟ್ಟೋಗಿ, ಸಂಜೆಗೆ ಓಪನ್ ಮಾಡಿ ಇಡ್ತೀವಿ" ಅಂದಿದ್ರಂತೆ.

ಇಲ್ಲಿ ನಿಲ್ಲೋಣ. ಈ "ಓಪನ್ ಮಾಡಿ ಕೊಡ್ತೀವಿ" ಅನ್ನೋದರ ಅರ್ಥ ಏನು? ಇದು ಗೊತ್ತಾದ್ರೆ ಇವತ್ತಿನ ಅರ್ಧ ವಿಷಯ ಗೊತ್ತಾದ ಹಾಗೆ.

ನಾವು "ಪಾಸ್‌ವರ್ಡ್ ಮರೆತೋಯ್ತು" ಅಂತ ಒಂದೇ ಮಾತಲ್ಲಿ ಹೇಳಿಬಿಡ್ತೀವಿ. ಆದರೆ ಅಲ್ಲಿರೋದು ಒಂದು ಬೀಗ ಅಲ್ಲ, ಮೂರು. ಮೊದಲನೆಯದು ಪರದೆಯ ಬೀಗ: ಪ್ಯಾಟರ್ನ್ ಅಥವಾ ಪಿನ್. ಇದು ಟ್ಯಾಬ್‌ನ ಒಳಗೇ ಇರೋದು, ಗೂಗಲ್‌ನವರಿಗೂ ನಿಮ್ಮ ಪ್ಯಾಟರ್ನ್ ಏನಂತ ಗೊತ್ತಿರಲ್ಲ. ಎರಡನೆಯದು ಖಾತೆಯ ಪಾಸ್‌ವರ್ಡ್. ಇದು ಗೂಗಲ್‌ನ ಸರ್ವರ್‌ನಲ್ಲಿರುತ್ತೆ, ಯಾವ ಫೋನಿನಿಂದ ಬೇಕಾದರೂ ಬದಲಾಯಿಸಬಹುದು. ಮೂರನೆಯದು ಈಗ ಕಾಣಿಸೋದೇ ಇಲ್ಲ, ರೀಸೆಟ್ ಮಾಡಿದ ಮೇಲೆ ಎದ್ದು ಬರುತ್ತೆ. ಅದಕ್ಕೆ ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ಅಂತಾರೆ, ಅಂಗಡಿಯವರ ಬಾಯಲ್ಲಿ ಎಫ್‌ಆರ್‌ಪಿ. 2015ರಲ್ಲಿ ಆಂಡ್ರಾಯ್ಡ್ 5.1 ಜೊತೆ ಬಂತು. ಕದ್ದ ಫೋನನ್ನ ಅಳಿಸಿ ಮಾರೋದನ್ನ ತಡೆಯೋಕೆ ಮಾಡಿದ ವ್ಯವಸ್ಥೆ. ಟ್ಯಾಬ್‌ನಲ್ಲಿ ಗೂಗಲ್ ಖಾತೆ ಹಾಕಿ, ಪರದೆಗೆ ಬೀಗ ಇಟ್ಟಿದ್ರೆ ಅದು ತಾನಾಗೇ ಚಾಲೂ ಆಗಿರುತ್ತೆ. ಆಮೇಲೆ ಯಾರಾದ್ರೂ ಪವರ್ ಮತ್ತು ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ರೀಸೆಟ್ ಮಾಡಿದ್ರೆ, "ಇದರಲ್ಲಿ ಮೊದಲಿದ್ದ ಖಾತೆ ಹಾಕಿ" ಅಂತ ಕೇಳಿ ಅಲ್ಲೇ ನಿಂತುಬಿಡುತ್ತೆ.

ಅಂಗಡಿಯವರ "ಓಪನ್" ಅಂದ್ರೆ ಬಹುತೇಕ ಸಲ ಇದೇ. ಮೊದಲು ಎಲ್ಲ ಅಳಿಸೋದು, ಆಮೇಲೆ ಎಫ್‌ಆರ್‌ಪಿಯನ್ನ ಏನೋ ಒಂದು ದಾರಿಯಲ್ಲಿ ದಾಟಿಸೋದು. ಟ್ಯಾಬ್ ಓಪನ್ ಆಗುತ್ತೆ, ಸುಳ್ಳಲ್ಲ. ಒಳಗೆ ಮಾವನ ಸ್ವರ ಇರಲ್ಲ. ಅಂಗಡಿಯವರು ಮೋಸ ಮಾಡಿದ್ರು ಅಂತಲ್ಲ, ನಾವು ಕೇಳಿದ್ದು "ಓಪನ್ ಮಾಡಿ" ಅಂತ, ಅವರು ಅದನ್ನೇ ಮಾಡ್ತಾರೆ.

ಹಾಗಾಗಿ ಮೊದಲು ನಿಮಗೆ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ: ನಿಮಗೆ ಬೇಕಿರೋದು ಟ್ಯಾಬಾ, ಟ್ಯಾಬ್ ಒಳಗಿರೋದಾ? ಮಗುವಿನ ಓದಿಗೆ ಟ್ಯಾಬ್ ಸಾಕು ಅನ್ನೋದಾದ್ರೆ ದಾರಿ ಸುಲಭ, ಅದಕ್ಕೆ ಆಮೇಲೆ ಬರ್ತೀನಿ. ಒಳಗಿರೋದು ಬೇಕು ಅಂದ್ರೆ, ಈ ಬರಹ ಓದಿ ಮುಗಿಸೋ ತನಕ ರೀಸೆಟ್ ಅನ್ನೋ ಪದದ ಹತ್ತಿರ ಹೋಗ್ಬೇಡಿ. ಈಚಿನ ಆಂಡ್ರಾಯ್ಡ್ ಸಾಧನಗಳಲ್ಲಿ ಒಳಗಿನ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತೆ, ರೀಸೆಟ್ ಮಾಡಿದಾಗ ಅದನ್ನ ಬಿಡಿಸೋ ಕೀಲಿಯೇ ನಾಶವಾಗುತ್ತೆ. ಆಮೇಲೆ ಯಾವ "ರಿಕವರಿ ಸಾಫ್ಟ್‌ವೇರ್" ಹಾಕಿದ್ರೂ ಪ್ರಯೋಜನ ಇಲ್ಲ.

ನಾವು ನಿಟ್ಟೂರಿನಲ್ಲಿ ಏನು ಮಾಡಿದ್ವಿ ಅಂತ ಹೇಳ್ತೀನಿ, ಅದರಲ್ಲೇ ಕ್ರಮ ಸಿಗುತ್ತೆ.

ಮೊದಲ ಕೆಲಸ ಚಾರ್ಜ್. ವರ್ಷಗಟ್ಟಲೆ ಸುಮ್ಮನಿದ್ದ ಬ್ಯಾಟರಿ ಪೂರ್ತಿ ಬರಿದಾಗಿರುತ್ತೆ, ಚಾರ್ಜರ್ ಹಾಕಿದ ಕೂಡಲೇ ಏನೂ ಕಾಣಲ್ಲ. ಹಾಳಾಗಿದೆ ಅಂತ ಬಿಟ್ಟುಬಿಡಬೇಡಿ, ಒಂದೆರಡು ಗಂಟೆ ಹಾಗೇ ಇಟ್ಟು ನೋಡಿ. ಆದರೆ ಹಿಂಬದಿ ಉಬ್ಬಿದ್ರೆ, ಪರದೆ ಒಂದು ಕಡೆ ಎದ್ದಿದ್ರೆ ಚಾರ್ಜ್ ಹಾಕಲೇಬೇಡಿ. ಅದು ಬ್ಯಾಟರಿ ಊದಿಕೊಂಡಿರೋದು, ಬೆಂಕಿ ಹತ್ತಬಹುದು. ಮಲೆನಾಡಿನ ಮನೆಗಳಲ್ಲಿ ಇನ್ನೊಂದು: ಮಳೆಗಾಲದ ಶೀತಕ್ಕೆ ಚಾರ್ಜಿಂಗ್ ಕಿಂಡಿಯಲ್ಲಿ ಹಸಿರು ಕಿಲುಬು ಹಿಡಿದಿರುತ್ತೆ. ಒಣಗಿದ ಮೆತ್ತನೆ ಬ್ರಷ್ ಸಾಕು, ಸೂಜಿ ಹಾಕಿ ಕೆರೆಯೋಕೆ ಹೋಗ್ಬೇಡಿ.

ಎರಡನೇ ಕೆಲಸವನ್ನ ಮುಕ್ಕಾಲು ಪಾಲು ಜನ ಮಾಡೋದೇ ಇಲ್ಲ ಅಂತ ನನ್ನ ಅನುಮಾನ. ಮೆಮೊರಿ ಕಾರ್ಡ್ ಇದೆಯಾ ನೋಡೋದು. ಟ್ಯಾಬ್ ಆಫ್ ಮಾಡಿ, ಅಂಚಿನ ಕಿಂಡಿ ತೆಗೆದು ನೋಡಿ. ಹಳೇ ಟ್ಯಾಬ್‌ಗಳಲ್ಲಿ ಒಳಗಿನ ಜಾಗ ಕಡಿಮೆ, ಹಾಗಾಗಿ ಆಗ ಕಾರ್ಡ್ ಹಾಕಿಸ್ತಿದ್ದಿದ್ದೇ ಹೆಚ್ಚು. ಪರದೆಯ ಬೀಗಕ್ಕೂ ಕಾರ್ಡ್‌ಗೂ ಸಾಮಾನ್ಯವಾಗಿ ಸಂಬಂಧ ಇಲ್ಲ. ಕಾರ್ಡನ್ನ ಬೇರೆ ಫೋನಿಗೋ ಕಂಪ್ಯೂಟರಿಗೋ ಹಾಕಿದ್ರೆ ಅದರಲ್ಲಿರೋ ಫೋಟೋ, ಹಾಡು, ರೆಕಾರ್ಡಿಂಗ್ ಕಾಣುತ್ತೆ. ಒಂದು ಅಪವಾದ ಇದೆ. ಆಂಡ್ರಾಯ್ಡ್ 6ರಿಂದ ಕಾರ್ಡನ್ನ "ಒಳಗಿನ ಸಂಗ್ರಹ" ಅಂತ ಜೋಡಿಸೋ ಆಯ್ಕೆ ಬಂತು. ಹಾಗೆ ಮಾಡಿದ್ರೆ ಆ ಕಾರ್ಡ್ ಆ ಟ್ಯಾಬ್‌ನಲ್ಲಿ ಮಾತ್ರ ಓದೋಕೆ ಸಾಧ್ಯ. ಬೇರೆ ಕಡೆ ಹಾಕಿದಾಗ "ಕಾರ್ಡ್ ಸರಿಯಿಲ್ಲ, ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತೆ. ಬೇಡ ಅನ್ನಿ. ತೆಗೆದು ವಾಪಸ್ ಟ್ಯಾಬ್‌ಗೇ ಹಾಕಿಡಿ.

ಮಾವನ ಟ್ಯಾಬ್‌ನಲ್ಲಿ ಕಾರ್ಡ್ ಇತ್ತು. ಅದರಲ್ಲಿ ಏನಿತ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಆ ದಿನ ಕಾರ್ಡ್ ರೀಡರ್ ಸಿಗದೆ ನಾವೂ ಮರುದಿನದವರೆಗೆ ಕಾದಿದ್ವಿ.

ಅಷ್ಟರಲ್ಲಿ ಖಾತೆ ಹುಡುಕೋ ಕೆಲಸ. ವಿಳಾಸ ಯಾವುದು ಅಂತಲೇ ಗೊತ್ತಿಲ್ಲದಿದ್ದಾಗ ಎಲ್ಲಿ ಹುಡುಕೋದು? ಆ ವ್ಯಕ್ತಿ ಯಾರಿಗಾದ್ರೂ ಮೇಲ್ ಕಳಿಸಿದ್ರಾ, ಮಕ್ಕಳ ಶಾಲೆಗೋ ಬ್ಯಾಂಕಿಗೋ ಯಾವ ಮೇಲ್ ಕೊಟ್ಟಿದ್ರು, ಪಾಸ್‌ಬುಕ್ಕಿನ ಹಿಂದೆ, ಡೈರಿಯ ಕೊನೇ ಪುಟದಲ್ಲಿ ಬರೆದಿದ್ರಾ ನೋಡಿ. ಅದೂ ಇಲ್ಲ ಅಂದ್ರೆ ಗೂಗಲ್‌ನ ಸೈನ್ ಇನ್ ಪುಟದಲ್ಲೇ "ಇಮೇಲ್ ಮರೆತಿರಾ" ಅನ್ನೋ ಕೊಂಡಿ ಇದೆ. ಮೊಬೈಲ್ ನಂಬರ್ ಅಥವಾ ಮರುಪಡೆಯುವ ಮೇಲ್, ಜೊತೆಗೆ ಖಾತೆಗೆ ಕೊಟ್ಟ ಹೆಸರು ಹಾಕಿದ್ರೆ ಹುಡುಕಿ ತೋರಿಸುತ್ತೆ. ಹೆಸರು ಖಾತೆಯಲ್ಲಿ ಹೇಗೆ ಬರೆದಿದ್ದಾರೋ ಹಾಗೇ ಇರಬೇಕು. ಇನಿಶಿಯಲ್ ಮುಂದಿತ್ತಾ ಹಿಂದಿತ್ತಾ, ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಒಂದು "ಎ" ಹೆಚ್ಚಿತ್ತಾ ಅಂತ ನಾವು ನಾಲ್ಕೈದು ಸಲ ಒದ್ದಾಡಿದ್ವಿ.

ಇಲ್ಲೇ ಮೊಬೈಲ್ ನಂಬರಿನ ತೊಂದರೆ ಎದುರಾಗೋದು. ಮಾವ ಹುಷಾರು ತಪ್ಪಿದ ಮೇಲೆ ಅವರ ಕೀಪ್ಯಾಡ್ ಫೋನಿಗೆ ಯಾರೂ ರೀಚಾರ್ಜ್ ಮಾಡಿರ್ಲಿಲ್ಲ, ಸಿಮ್ ಸತ್ತಿತ್ತು. ನಮ್ಮ ದೇಶದ ನಿಯಮದಲ್ಲಿ ಬಂದ್ ಆದ ನಂಬರನ್ನ 90 ದಿನ ಬೇರೆಯವರಿಗೆ ಕೊಡೋ ಹಾಗಿಲ್ಲ, ಅದಾದ ಮೇಲೆ ಕೊಡಬಹುದು. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಈ ವಿಷಯ ಬಂದಾಗಲೂ, ನಂಬರ್ ಬಿಡೋ ಮುಂಚೆ ತನ್ನ ಮಾಹಿತಿ ತೆಗೆದುಕೊಳ್ಳೋದು ಗ್ರಾಹಕನ ಹೊಣೆ ಅನ್ನೋ ಅರ್ಥದಲ್ಲೇ ಮಾತು ಮುಗಿದದ್ದು. ಅಂದ್ರೆ ನಿಮ್ಮ ಖಾತೆಯ ಒಟಿಪಿ ಈಗ ಗುರುತಿಲ್ಲದ ಯಾರೋ ಒಬ್ಬರ ಫೋನಿಗೆ ಹೋಗ್ತಿರಬಹುದು. ಸಿಮ್ ಬಂದ್ ಆಗಿ 90 ದಿನ ಆಗಿಲ್ಲ ಅಂದ್ರೆ ತಕ್ಷಣ ಗುರುತಿನ ಚೀಟಿ ಹಿಡ್ಕೊಂಡು ಆ ಕಂಪನಿಯ ಕೇಂದ್ರಕ್ಕೆ ಹೋಗಿ, ಅದೇ ನಂಬರ್ ವಾಪಸ್ ಸಿಗುತ್ತಾ ಕೇಳಿ. ನಮ್ಮದು ಆ ಗಡುವು ಎಂದೋ ದಾಟಿತ್ತು.

ಉಳಿದಿದ್ದು ಮರುಪಡೆಯುವ ಮೇಲ್. ಗೂಗಲ್‌ನ ಖಾತೆ ಮರುಪಡೆಯುವ ಪುಟ ಗೊತ್ತಲ್ವಾ, ಜಿ ಡಾಟ್ ಸಿಓ ಸ್ಲ್ಯಾಶ್ ರಿಕವರ್ ಅಂತ ಹೊಡೆದ್ರೆ ಬರುತ್ತೆ. ಅಲ್ಲಿ ಅದು "ನಿಮ್ಮ ಇನ್ನೊಂದು ಮೇಲ್‌ಗೆ ಕೋಡ್ ಕಳಿಸ್ತೀವಿ" ಅಂತ ಮೊದಲೆರಡು ಅಕ್ಷರ ಬಿಟ್ಟು ಉಳಿದದ್ದಕ್ಕೆ ಚುಕ್ಕಿ ಹಾಕಿ ತೋರಿಸಿತು. ಮನೆಮಂದಿಯೆಲ್ಲ ಆ ಎರಡು ಅಕ್ಷರ ನೋಡ್ತಾ ಕೂತ್ವಿ. ಕೊನೆಗೆ ಮಾವನ ಮಗನೇ, "ಏ, ಇದು ನಂದು! ಕಾಲೇಜಲ್ಲಿದ್ದಾಗಿನ ಮೇಲ್!" ಅಂದ. ಟ್ಯಾಬ್ ತಂದ ದಿನ ಅಪ್ಪನಿಗೆ ಖಾತೆ ಮಾಡಿಕೊಟ್ಟವನು ಅವನೇ, ಮರೆತೇ ಹೋಗಿತ್ತು. ಅವನ ಹಳೇ ಮೇಲ್ ತೆಗೆಯೋಕೆ ಇನ್ನೊಂದು ಸುತ್ತು ಒದ್ದಾಟ, ಅದನ್ನ ಬಿಡಿ. ಕೋಡ್ ಬಂತು. ಮಾವನ ಪಕ್ಕದಲ್ಲಿ ಕೂತು, "ಪಾಸ್‌ವರ್ಡ್ ಬದಲಾಯಿಸಲಾ" ಅಂತ ಕೇಳಿದ. ಅವರು ತಲೆ ಆಡಿಸಿದ್ರು.

ಈ ಪುಟದಲ್ಲಿ ಕೆಲಸ ಮಾಡೋವಾಗ ಎಲ್ಲಿ ಕೂತು ಪ್ರಯತ್ನ ಮಾಡ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಯಾವಾಗಲೂ ಬಳಸ್ತಿದ್ದ ಸಾಧನದಿಂದ, ಯಾವಾಗಲೂ ಬಳಸ್ತಿದ್ದ ಜಾಗದಿಂದ ಪ್ರಯತ್ನಿಸಿ ಅಂತ ಗೂಗಲ್ ತಾನೇ ಹೇಳುತ್ತೆ. ನಮ್ಮ ಕಡೆ ಜನ ಏನು ಮಾಡ್ತಾರೆ? ಮನೆಯಲ್ಲಿ ನೆಟ್‌ವರ್ಕ್ ಇಲ್ಲ ಅಂತ ಶಿವಮೊಗ್ಗದ ಸೈಬರ್ ಸೆಂಟರಿಗೆ ಹೋಗಿ, ಅಪರಿಚಿತ ಕಂಪ್ಯೂಟರಿನಲ್ಲಿ ಹತ್ತು ಸಲ ತಪ್ಪು ಪಾಸ್‌ವರ್ಡ್ ಹೊಡೀತಾರೆ. ಗೂಗಲ್‌ಗೆ ಅದು ಕಳ್ಳನ ನಡೆಯ ಥರ ಕಾಣುತ್ತೆ. ನಿಟ್ಟೂರಿನಂಥ ಊರಲ್ಲಿ ಟವರ್ ಬರೋವರೆಗೆ ಕಾಯಬೇಕು ನಿಜ. ಈ ಭಾಗದ ಹಳ್ಳಿಗಳಲ್ಲೇ ಅಲ್ವಾ "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಬೋರ್ಡ್ ಹಿಡಿದದ್ದು. ಆದ್ರೂ ಮನೆಯಿಂದಲೇ, ಮನೆಯವರದೇ ಫೋನಿನಿಂದ ಪ್ರಯತ್ನಿಸಿ. ಹಳೇ ಪಾಸ್‌ವರ್ಡ್ ಕೇಳಿದ್ರೆ ಗೊತ್ತಿಲ್ಲ ಅಂತ ಬಿಡಬೇಡಿ, ನೆನಪಿರೋ ಯಾವುದಾದ್ರೂ ಹಳೆಯದನ್ನ ಹಾಕಿ. ಆಗ್ಲಿಲ್ಲ ಅಂದ್ರೆ ಕೆಲವು ದಿನ ಬಿಟ್ಟು ಮತ್ತೆ.

ಇನ್ನೊಂದು ಗಡುವಿನ ವಿಷಯ ಹೇಳಲೇಬೇಕು. 2 ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನ ಅಳಿಸಬಹುದು ಅಂತ ಗೂಗಲ್ 2023ರ ಮೇ ತಿಂಗಳಲ್ಲಿ ಹೇಳಿತು, ಡಿಸೆಂಬರ್‌ನಿಂದ ಜಾರಿಯಾಯ್ತು. ಮುಂಚೆ ಎಚ್ಚರಿಕೆಯ ಮೇಲ್ ಕಳಿಸ್ತಾರೆ. ಯಾವ ವಿಳಾಸಕ್ಕೆ? ಯಾರೂ ತೆಗೆಯದ ಆ ಖಾತೆಗೆ, ಮತ್ತೆ ಯಾರೂ ನೋಡದ ಆ ಮರುಪಡೆಯುವ ಮೇಲ್‌ಗೆ! ಮಾವನ ಖಾತೆಗೆ 1 ವರ್ಷ 10 ತಿಂಗಳಾಗಿತ್ತು. ಒಂದು ಸಲ ಸೈನ್ ಇನ್ ಆದ್ರೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತೆ. ನಿಮ್ಮ ಮನೆಯ ಕಪಾಟಿನ ಟ್ಯಾಬ್ 2023, 2024ರಿಂದ ಮಲಗಿದ್ರೆ ಇದನ್ನ ಮುಂದಿನ ಭಾನುವಾರಕ್ಕೆ ಹಾಕಬೇಡಿ.

ಖಾತೆ ಸಿಕ್ತು, ಸರಿ. ಟ್ಯಾಬ್ ತೆಗೆದುಕೊಳ್ತಾ? ಇಲ್ಲ. ಇಲ್ಲೇ ಎಲ್ಲರೂ ಎಡವೋದು. ಖಾತೆಯ ಪಾಸ್‌ವರ್ಡ್ ಬದಲಾಯಿಸಿದ್ರೆ ಪರದೆಯ ಪ್ಯಾಟರ್ನ್ ಬದಲಾಗಲ್ಲ. ತುಂಬಾ ಹಳೇದು, ಆಂಡ್ರಾಯ್ಡ್ 4.4 ಅಥವಾ ಅದಕ್ಕಿಂತ ಹಿಂದಿನದಾದ್ರೆ, ಐದು ಸಲ ತಪ್ಪಾದ ಮೇಲೆ "ಪ್ಯಾಟರ್ನ್ ಮರೆತಿರಾ" ಅಂತ ಬಂದು ಗೂಗಲ್ ಖಾತೆ ಹಾಕಿ ತೆಗೆಯೋ ಅವಕಾಶ ಇತ್ತು. 5.0ರಿಂದ ಅದನ್ನ ತೆಗೆದುಹಾಕಿದ್ರು. ಸ್ಯಾಮ್‌ಸಂಗ್ ಸಾಧನಗಳಲ್ಲಿ ಮಾತ್ರ, ಸ್ಯಾಮ್‌ಸಂಗ್ ಖಾತೆ ಹಾಕಿ "ದೂರದಿಂದ ಅನ್‌ಲಾಕ್" ಅನ್ನೋದನ್ನ ಮುಂಚೆಯೇ ಆನ್ ಮಾಡಿಟ್ಟಿದ್ರೆ, ಕಂಪ್ಯೂಟರಿನಿಂದ ಅವರ ಜಾಲತಾಣಕ್ಕೆ ಹೋಗಿ ಏನೂ ಅಳಿಸದೆ ಬೀಗ ತೆಗೆಸಬಹುದು. ಟ್ಯಾಬ್‌ಗೆ ಆಗ ಇಂಟರ್ನೆಟ್ ಇರಬೇಕು. ಸ್ಯಾಮ್‌ಸಂಗ್ ಇರೋರು ಇದನ್ನ ಒಮ್ಮೆ ನೋಡದೆ ರೀಸೆಟ್ ಮಾಡ್ಬೇಡಿ.

ಖಾತೆ ಸಿಕ್ಕಿದ್ದರಿಂದ ನಮಗಾದ ಲಾಭ ಬೇರೆ. ಗೂಗಲ್ ಫೋಟೋಸ್‌ಗೆ ಹೋದ ಚಿತ್ರಗಳೆಲ್ಲ ನನ್ನ ಫೋನಿನಲ್ಲೇ ಕಂಡ್ವು. ಆದರೆ ಅವು ಒಂದು ದಿನಾಂಕಕ್ಕೆ ನಿಂತುಬಿಟ್ಟಿದ್ವು. ಯಾಕೆ ಅಂತ ಆಮೇಲೆ ಹೊಳೀತು. ವೈಫೈ ಇದ್ದಾಗ ಮಾತ್ರ ಬ್ಯಾಕಪ್ ಅಂತ ಇಟ್ಟಿದ್ದಾರೆ, ನಿಟ್ಟೂರಿನ ಮನೆಯಲ್ಲಿ ವೈಫೈ ಇಲ್ಲ. ಮಾವ ಕೊನೇ ಸಲ ಬೆಂಗಳೂರಿನ ಮಗನ ಮನೆಗೆ ಹೋಗಿದ್ದಾಗ ಅಲ್ಲಿಯವರೆಗಿನದೆಲ್ಲ ಮೇಲಕ್ಕೆ ಹೋಗಿದೆ, ಅಷ್ಟೇ. ಮತ್ತೆ ಗೂಗಲ್ ಫೋಟೋಸ್ ಚಿತ್ರ ಮತ್ತು ವಿಡಿಯೋ ಬಿಟ್ಟರೆ ಧ್ವನಿ ಮುದ್ರಣವನ್ನ ಎತ್ತಿಟ್ಟುಕೊಳ್ಳಲ್ಲ. ತಾಳಮದ್ದಲೆ ಅಲ್ಲಿರಲಿಲ್ಲ.

ಪ್ಯಾಟರ್ನ್ ಊಹಿಸೋಕೆ ಪ್ರಯತ್ನಿಸಬಹುದಾ? ಮಿತಿಯಲ್ಲಿ. ಐದು ತಪ್ಪಾದ್ರೆ 30 ಸೆಕೆಂಡ್ ಕಾಯಿಸುತ್ತೆ, ಆಮೇಲೆ ಕಾಯಿಸೋದು ಹೆಚ್ಚಾಗ್ತಾ ಹೋಗಬಹುದು. ಕೆಲವು ಕಂಪನಿಯ ಸಾಧನಗಳಲ್ಲಿ ಹದಿನೈದು, ಇಪ್ಪತ್ತು ಸಲ ತಪ್ಪಿದ್ರೆ ತಾನಾಗೇ ಎಲ್ಲ ಅಳಿಸೋ ಆಯ್ಕೆ ಇರುತ್ತೆ. ಯಾರಾದ್ರೂ ಅದನ್ನ ಆನ್ ಮಾಡಿಟ್ಟಿದ್ರೆ ಮುಗೀತು. ಹಾಗಾಗಿ ಪ್ರತಿ ಪ್ರಯತ್ನವನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮನೆಯ ಮಕ್ಕಳನ್ನ ಕೇಳಿ, ಕಾರ್ಟೂನ್ ನೋಡೋಕೆ ಕದ್ದು ತೆಗೀತಿದ್ದವರಿಗೆ ಗೊತ್ತಿರುತ್ತೆ. ಮಾವನ ಕೈಗೇ ಕೊಟ್ಟು ನೋಡಿದ್ವಿ. ಪ್ಯಾಟರ್ನ್ ಇರೋದು ತಲೆಯಲ್ಲಲ್ಲ, ಬೆರಳಲ್ಲಿ. ಆ ಬೆರಳು ಬಲಗೈಯದು. ಎಡಗೈಯಲ್ಲಿ ಎರಡು ಸಲ ಎಳೆದ್ರು, ತಪ್ಪಾಯ್ತು. ಟ್ಯಾಬ್ ಮಗುಚಿ ಇಟ್ಟುಬಿಟ್ರು. ನಾವೂ ಒತ್ತಾಯ ಮಾಡ್ಲಿಲ್ಲ.

ಈಗ, ಒಳಗಿರೋದು ಬೇಡ, ಟ್ಯಾಬ್ ಬಳಸೋಕೆ ಸಿಕ್ರೆ ಸಾಕು ಅನ್ನೋರಿಗೆ. ಇಂಥವರು ಬಹಳ ಜನ ಇರ್ತಾರೆ. 2021ರ ಜೂನ್‌ನಲ್ಲಿ, ಕೋವಿಡ್ ಸಮಯದಲ್ಲಿ, ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟಿತ್ತು, ನೆನಪಿದೆಯಾ? ಆ ಹುಡುಗ ಹುಡುಗಿಯರ ಡಿಗ್ರಿ ಮುಗಿದಿದೆ, ಟ್ಯಾಬ್ ತಮ್ಮನಿಗೋ ತಂಗಿಗೋ ಬಂದಿದೆ, ಆಗ ಅವಸರದಲ್ಲಿ ಮಾಡಿದ ಜಿಮೇಲ್ ಯಾರಿಗೂ ನೆನಪಿಲ್ಲ.

ಇವರಿಗೆ ಕ್ರಮ ಹೀಗೆ. ಟ್ಯಾಬ್ ತೆರೆಯೋಕೆ ಬರುತ್ತೆ ಅನ್ನೋದಾದ್ರೆ ಬಟನ್ ಒತ್ತಿ ರೀಸೆಟ್ ಮಾಡೋಕೆ ಹೋಗಲೇಬೇಡಿ. ಪ್ಲೇ ಸ್ಟೋರ್ ತೆಗೆದು ಮೂಲೆಯ ಚಿತ್ರ ಒತ್ತಿ, ಯಾವ ಮೇಲ್ ಅಂತ ಬರೆದುಕೊಳ್ಳಿ, ಸೆಟ್ಟಿಂಗ್ಸ್‌ನ ಒಳಗಿಂದಲೇ ಖಾತೆ ತೆಗೆದು ರೀಸೆಟ್ ಮಾಡಿ. ಹಾಗೆ ಮಾಡಿದ್ರೆ ಮೂರನೇ ಬೀಗ ಏಳೋದೇ ಇಲ್ಲ. ತೆರೆಯೋಕೆ ಬರಲ್ಲ ಅಂದ್ರೆ ಮೊದಲು ಖಾತೆ ವಾಪಸ್ ಪಡೀರಿ, ಆಮೇಲೆ ಬಟನ್ ರೀಸೆಟ್. ನಡುವೆ ಒಂದು ಕಾಯುವಿಕೆ ಇದೆ: ಪಾಸ್‌ವರ್ಡ್ ಬದಲಾಯಿಸಿದ ಕೂಡಲೇ ರೀಸೆಟ್ ಆದ ಸಾಧನಕ್ಕೆ ಅದನ್ನ ಹಾಕಿದ್ರೆ ಒಪ್ಪಲ್ಲ. 24 ಗಂಟೆ ಅಂತ ಗೂಗಲ್ ಹೇಳುತ್ತೆ, ಮುಂಚೆ 72 ಗಂಟೆ ಇತ್ತು. ಹಳೇ ಟ್ಯಾಬ್ ಅಲ್ವಾ, ಮೂರು ದಿನ ಬಿಟ್ಟರೆ ನಷ್ಟ ಏನಿಲ್ಲ. ಪಾಸ್‌ವರ್ಡ್ ಸರಿ ಇದ್ರೂ "ಸರ್ವರ್ ಸಿಗ್ತಿಲ್ಲ" ಅಂದ್ರೆ ದಿನಾಂಕ ನೋಡಿ. ಬ್ಯಾಟರಿ ಸತ್ತಿದ್ದ ಟ್ಯಾಬ್ ಎಷ್ಟೋ ಸಲ ಹಳೇ ಇಸವಿಗೆ ಹೋಗಿ ಕೂತಿರುತ್ತೆ, ದಿನಾಂಕ ತಪ್ಪಿದ್ರೆ ಸುರಕ್ಷಿತ ಸಂಪರ್ಕ ಆಗಲ್ಲ.

2011ರ ಆಕಾಶ್ ಟ್ಯಾಬ್ಲೆಟ್ ಇಟ್ಟುಕೊಂಡಿರೋ ಪುಣ್ಯಾತ್ಮರು ಯಾರಾದ್ರೂ ಇದ್ರೆ, ಕ್ಷಮಿಸಿ. ಅದರದ್ದು ಆಂಡ್ರಾಯ್ಡ್ 2.2. 2021ರ ಸೆಪ್ಟೆಂಬರ್ 27ರಿಂದ 2.3.7 ಮತ್ತು ಅದಕ್ಕಿಂತ ಹಳೆಯದರಲ್ಲಿ ಗೂಗಲ್ ಖಾತೆಗೆ ಪ್ರವೇಶವೇ ಇಲ್ಲ. ಪಾಸ್‌ವರ್ಡ್ ನೆನಪಿದ್ರೂ ಅಷ್ಟೇ.

ಐಪ್ಯಾಡ್ ಬಗ್ಗೆ ಚುಟುಕಾಗಿ: ಅಲ್ಲಿ ಇದೇ ಬೀಗಕ್ಕೆ ಆಕ್ಟಿವೇಶನ್ ಲಾಕ್ ಅಂತಾರೆ, 2013ರಿಂದ ಇದೆ. ಖಾತೆ ಪಡೆಯೋಕೆ ಆಗಲೇ ಇಲ್ಲ ಅಂದ್ರೆ ಕೊಂಡ ಬಿಲ್ ತೋರಿಸಿ ಆ್ಯಪಲ್ ಕಂಪನಿಗೆ ಮನವಿ ಮಾಡಬಹುದು. ಬಿಲ್ ಇಟ್ಟಿದ್ದೀರಾ? ಸೆಕೆಂಡ್ ಹ್ಯಾಂಡ್ ಕೊಳ್ಳೋರು ಆಂಡ್ರಾಯ್ಡ್ ಆಗ್ಲಿ ಐಪ್ಯಾಡ್ ಆಗ್ಲಿ, ಮಾರೋರ ಎದುರಲ್ಲೇ ಅವರ ಖಾತೆ ತೆಗೆಸಿ, ಹೊಸದಾಗಿ ಶುರು ಮಾಡಿ ನೋಡಿಯೇ ದುಡ್ಡು ಕೊಡಿ.

ಮತ್ತೆ ಒಂದು ಎಚ್ಚರಿಕೆ, ಇದು ದೊಡ್ಡದು. "ಗೂಗಲ್ ಕಸ್ಟಮರ್ ಕೇರ್" ಅಂತ ಹುಡುಕಿ ಸಿಗೋ ಫೋನ್ ನಂಬರಿಗೆ ಕರೆ ಮಾಡ್ಬೇಡಿ. ಜಿಮೇಲ್ ಪಾಸ್‌ವರ್ಡ್ ಮರೆತವರಿಗೆ ಫೋನಿನಲ್ಲಿ ಸಹಾಯ ಮಾಡೋ ವ್ಯವಸ್ಥೆಯನ್ನ ಗೂಗಲ್ ಇಟ್ಟಿಲ್ಲ. ಆ ಕಡೆಯಿಂದ ಮಾತಾಡೋನು ಒಟಿಪಿ ಕೇಳ್ತಾನೆ, ಇಲ್ಲಾ ನಿಮ್ಮ ಪರದೆ ಅವನಿಗೆ ಕಾಣೋ ಹಾಗೆ ಮಾಡೋ ಆ್ಯಪ್ ಹಾಕಿಸ್ತಾನೆ. ಟ್ಯಾಬ್ ಹೋಗಲಿ, ಬ್ಯಾಂಕಿನಲ್ಲಿರೋ ಅಡಿಕೆ ದುಡ್ಡು ಹೋಗುತ್ತೆ. ಹಾಗೇನಾದ್ರೂ ಆಗಿಬಿಟ್ಟಿದ್ರೆ 1930ಕ್ಕೆ ತಡ ಮಾಡದೆ ಕರೆ ಮಾಡಿ.

ನಿಟ್ಟೂರಿಗೆ ವಾಪಸ್ ಬರೋಣ. ಮರುದಿನ ಕಾರ್ಡ್ ರೀಡರ್ ಸಿಕ್ತು. ಕಾರ್ಡನ್ನ ಒಳಗಿನ ಸಂಗ್ರಹ ಅಂತ ಜೋಡಿಸಿರಲಿಲ್ಲ, ನಮ್ಮ ಪುಣ್ಯ. ಅದರಲ್ಲಿ ಹನ್ನೊಂದು ರೆಕಾರ್ಡಿಂಗ್ ಇದ್ವು. ಆಮೇಲಿನವು ಇಲ್ಲ. ಎಲ್ಲೋ ನಡುವೆ ರೆಕಾರ್ಡರ್ ಆ್ಯಪ್ ಬದಲಾಗಿ ಅವೆಲ್ಲ ಟ್ಯಾಬ್ ಒಳಗೇ ಕೂತಿರಬೇಕು. ಕೊನೇ ಮಳೆಗಾಲದ್ದು, ಮಾವ ಚೆನ್ನಾಗಿ ಹೇಳಿದ್ದು ಅಂತ ಅತ್ತೆ ಹೇಳ್ತಾರಲ್ಲ, ಅದು ಬೀಗದ ಆಚೆ ಕಡೆಯೇ ಇದೆ.

ಇದ್ದ ಹನ್ನೊಂದರಲ್ಲಿ ಒಂದನ್ನ ಜಗಲಿಯಲ್ಲಿ ಹಾಕಿದ್ವಿ. ಹಿಂದೆ ಮಳೆ ಸದ್ದು, ನಡುವೆ ಅತ್ತೆ "ಊಟಕ್ಕೆ ಬನ್ನಿ" ಅಂತ ಕರೆದದ್ದು, ಅದಕ್ಕೆ ಮಾವ ಪಾತ್ರದ ಮಾತಲ್ಲೇ ರೇಗಿದ್ದು, ಎಲ್ಲ ಇತ್ತು. ಮಾವ ಕೇಳ್ತಾ ಕೇಳ್ತಾ ಒಂದು ಕಡೆ ಕೈ ಎತ್ತಿ ನಿಲ್ಲಿಸು ಅಂದ್ರು, ಹಿಂದಕ್ಕೆ ಹಾಕು ಅಂತ ಸನ್ನೆ ಮಾಡಿದ್ರು. ಹಾಕಿದ್ವಿ. ಅಲ್ಲಿ ಅವರು ಒಂದು ಮಾತು ತಪ್ಪಿ ಹೇಳಿದ್ರು. ಅದನ್ನ ಕೇಳಿ ತಲೆ ಅಲ್ಲಾಡಿಸಿದ್ರು, ಸರಿ ಆಗ್ಲಿಲ್ಲ ಅನ್ನೋ ಹಾಗೆ.

ಹನ್ನೊಂದನ್ನೂ ಮೂರು ಕಡೆ ನಕಲು ಮಾಡಿಟ್ಟಿದ್ದೀವಿ. ಟ್ಯಾಬ್ ರೀಸೆಟ್ ಮಾಡಿ ಮೊಮ್ಮಗಳಿಗೆ ಕೊಡೋಣ್ವಾ ಅಂತ ಮಗ ಕೇಳಿದ. ಮಾವ ಎಡಗೈಯಲ್ಲಿ ಅದನ್ನ ತಮ್ಮ ಕಡೆ ಎಳ್ಕೊಂಡ್ರು. ಈಗ ಅದು ಅವರ ಹಾಸಿಗೆ ಪಕ್ಕ ಇದೆ. ದಿನಾ ಸಂಜೆ ಎರಡು ಸಲ, ಎರಡೇ ಸಲ, ಎಡಗೈಯಲ್ಲಿ ಎಳೆದು ನೋಡ್ತಾರಂತೆ. ಯಾವ ಯಾವ ಗೆರೆ ಆಯ್ತು ಅಂತ ಅತ್ತೆ ಕ್ಯಾಲೆಂಡರಿನ ಹಿಂದೆ ಬರೆದಿಡ್ತಿದ್ದಾರೆ.